ಟಿಟ್ವಾಳಾದ ಪಾಸು

ಕಲ್ಯಾಣ ಸ್ಟೇಷನ್ನಿನಲ್ಲಿ ಲೋಕಲ್ ರೈಲು ನಿಂತಿದ್ದಾಗ ಟಿಸಿ ಹತ್ತಿ ಪಾಸು ಕೇಳಿದ. ಪಕ್ಕದಲ್ಲಿ ಕೂತಿದ್ದ ವಿಜಯಕುಮಾರ ಮೊಬೈಲ್ ಮುಂದೆ ಹಿಡಿದ. ಜ್ಯೋತ್ಸ್ನಾ ಬೇಕೆಂದೇ ನೋಡಿದ್ದಲ್ಲ. ಆದರೆ ಕಣ್ಣಿಗೆ ಬಿದ್ದದ್ದನ್ನು ಓದದೆ ಬಿಡುವವಳೂ ಅವಳಲ್ಲ. ಟಿಟ್ವಾಳಾದಿಂದ ಥಾಣೆಗೆ ಎಂದಿತ್ತು.

ಅವನ ಮನೆ ಡೊಂಬಿವಲಿಯಲ್ಲಿ. ಹಾಗೆಂದು ಎಂಟು ತಿಂಗಳ ಹಿಂದೆ ಇದೇ ಡಬ್ಬಿಯಲ್ಲಿ ಅವನೇ ಹೇಳಿದ್ದ. ಇಬ್ಬರೂ ‘ರಿಟರ್ನ್’ ಮಾಡುವವರು. ಬೆಳಿಗ್ಗೆ ಡೊಂಬಿವಲಿಯಲ್ಲಿ ಥಾಣೆ ಕಡೆಯ ಗಾಡಿಗೆ ಕಾಲಿಡಲೂ ಜಾಗವಿರುವುದಿಲ್ಲ. ಅದಕ್ಕೇ ಜನ ಉಲ್ಟಾ ಕಲ್ಯಾಣದ ಗಾಡಿ ಹತ್ತಿ, ಸೀಟು ಹಿಡಿದು, ಅದೇ ಗಾಡಿ ತಿರುಗಿ ಹೊರಟಾಗ ಕೂತೇ ಬರುತ್ತಾರೆ. ಲೇಡೀಸ್ ಡಬ್ಬಿಯಲ್ಲಿ ಅವಳ ಹೌಸಿಂಗ್ ಸೊಸೈಟಿಯ ವಾರಿಜಾ ಆಂಟಿ ದಿನಕ್ಕೊಬ್ಬ ವರನ ಬಯೋಡೇಟಾ ಹಿಡಿದು ಕಾಯುತ್ತಿದ್ದರು. ಹಾಗಾಗಿ ಜ್ಯೋತ್ಸ್ನಾ ಜನರಲ್ ಡಬ್ಬಿಗೆ ಬಂದಿದ್ದಳು.

ಇವತ್ತು ಶುಕ್ರವಾರ, ಈ ಗಾಡಿಯಲ್ಲಿ ಅವಳ ಕೊನೆಯ ದಿನ. ಅದನ್ನು ಅವನಿಗೆ ಹೇಗೆ ಹೇಳುವುದೆಂದು ಬೆಳಗಿನಿಂದ ಹುಡುಕುತ್ತಿದ್ದಳು. ಈಗ ಇದೊಂದು.

“ನಿಮ್ಮ ಮನೆ ಡೊಂಬಿವಲಿ ಅಲ್ವಾ?”

“ಇತ್ತರೀ.”

“ಇತ್ತು ಅಂದ್ರೆ ಎಂತ?”

“ಎಪ್ರಿಲ್‌ನ್ಯಾಗ ಟಿಟ್ವಾಳಾಕ್ಕ ಶಿಫ್ಟ್ ಆದ್ವಿ. ಅವ್ವಗ ಗಣಪತಿ ಗುಡಿ ಹತ್ರ ಬೇಕಿತ್ತು.”

ಅವಳು ಮನಸ್ಸಿನಲ್ಲೇ ನಕ್ಷೆ ಬಿಡಿಸಿದಳು. “ಟಿಟ್ವಾಳಾದಿಂದ ಕಲ್ಯಾಣ ದಾಟಿ ಡೊಂಬಿವಲಿಗೆ ಬರ್ತೀರಿ. ಅಲ್ಲಿಂದ ವಾಪಸ್ ಕಲ್ಯಾಣಕ್ಕೆ. ಮತ್ತೆ ಅದೇ ಡೊಂಬಿವಲಿ ಮೇಲೆ ಥಾಣೆಗೆ. ಎಂತಕ್ಕೆ ಮಾರಾಯ್ರೆ?”

“ಸೀಟ್ ಸಿಗ್ತದಲ್ರೀ.”

“ಅದು ಟಿಟ್ವಾಳಾದಲ್ಲೇ ಸಿಗ್ತದೆ.”

“ಕಿಟಕಿ ಸೀಟು ಸಿಗಂಗಿಲ್ಲ.”

“ಕಿಟಕಿಯಲ್ಲಿ ನಾನು ಕೂತಿದ್ದೇನೆ.”

ಅವನು ತಲೆ ಎತ್ತಿ ತಿರುಗದ ಫ್ಯಾನನ್ನು ನೋಡಿದ. ಕಿವಿಯ ತುದಿ ಕೆಂಪಾಗಿತ್ತು.

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಂದದ್ದು ಏನೆಂದು ಅವಳಿಗೆ ತಿಳಿಯಲಿಲ್ಲ. ಗಾಡಿ ಹೊರಟಿತು.

“ದಿನಕ್ಕೆ ಒಂದು ಗಂಟೆ ವೇಸ್ಟ್,” ಎಂದಳು.

“ಯಾರು ಹೇಳಿದ್ರು ವೇಸ್ಟ್ ಅಂತ? ನಾ ಲಿಫ್ಟ್ ರಿಪೇರಿ ಮಾಡಾಂವ. ಒಳಗ ಸಿಕ್ಕೊಂಡವರು ಫೋನ್ ಹಚ್ಚೂದೇ ಬೈಯಾಕ. ಸಂಜೀ ತನಕಾ ಬೈಸ್ಕೋತೀನಿ. ಇಲ್ಲಿ ಯಾರೂ ಬೈಯಂಗಿಲ್ಲ.”

“ನಾನು ಬೈತಾ ಇದ್ದೇನಲ್ಲ.”

“ಇದು ಬ್ಯಾರೆರೀ.”

ಏನು ಬೇರೆ ಎಂದು ಕೇಳುವ ಧೈರ್ಯ ಸಾಲಲಿಲ್ಲ. ಬದಲಿಗೆ ಬ್ಯಾಗಿನಿಂದ ಸಣ್ಣ ಡೈರಿ ತೆಗೆದು ಅವನ ಕೈಗಿಟ್ಟಳು.

“ಸೋಮವಾರದಿಂದ ನಾನು ಬರುವುದಿಲ್ಲ. ವರ್ಕ್ ಫ್ರಮ್ ಹೋಮ್ ಪಾಸಾಗಿದೆ.”

ಕಳೆದ ತಿಂಗಳು ಐರೋಲಿಯ ಆಫೀಸಿನಲ್ಲಿ ಎದೆ ಡವಡವ ಎಂದು ಅವಳು ಕುಸಿದು ಕೂತಿದ್ದಳು. ಇಸಿಜಿ ಸರಿಯಾಗಿತ್ತು. ಕಂಪನಿಯ ಕೌನ್ಸೆಲರ್ ಅನಸೂಯಾ ಮೇಡಂ ಸ್ಟ್ರೆಸ್ ಎಂದರು. ಎರಡು ವಾರ ಎದೆ ಬಡಿದುಕೊಂಡಾಗಲೆಲ್ಲ ಗಂಟೆ ಬರೆದಿಡಲು ಹೇಳಿದರು. ಬರೆದದ್ದನ್ನು ನೋಡಿ, ನಿನ್ನ ಸಮಸ್ಯೆ ಬೆಳಗಿನ ರೈಲು, ಅದನ್ನು ಬಿಡು ಎಂದರು.

ವಿಜಯಕುಮಾರ ಪುಟ ತಿರುವಿದ. ಏಳು ನಲವತ್ತು. ಏಳು ನಲವತ್ತೊಂದು. ಏಳು ನಲವತ್ತು. ಎಲ್ಲವೂ ಡೊಂಬಿವಲಿಯಲ್ಲಿ ಗಾಡಿ ಹತ್ತುವ ಹೊತ್ತು. ಕೆಟ್ಟ ಲಿಫ್ಟಿನ ವೈರಿಂಗ್ ನೋಡುವವನಂತೆ ಬೆರಳಿಟ್ಟು ಒಂದೊಂದೇ ಸಾಲು ನೋಡಿದ.

“ಹತ್ತು ದಿನದಾಗ ಒಂಬತ್ತು ಅದಾವ. ಹೋದ ಬುಧವಾರ ಖಾಲಿ ಐತಿ. ಅವತ್ತು ಆಫೀಸಿಗಿ ಹೋಗಿರಲಿಲ್ಲೇನು?”

“ಹೋಗಿದ್ದೆ. ಇದೇ ಗಾಡಿ. ಸೀಟೂ ಸಿಗಲಿಲ್ಲ, ಥಾಣೆ ತನಕ ನಿಂತೇ ಇದ್ದೆ.”

“ಮತ್ತ ಎದಿ ಬಡಿದುಕೊಳ್ಳಲಿಲ್ಲ?”

“ಇಲ್ಲ.” ಅವಳಿಗೇ ವಿಚಿತ್ರವೆನಿಸಿತು. “ಅವತ್ತು ಗಲಾಟೆ ಜಾಸ್ತಿ ಇತ್ತು. ಬಡಿದುಕೊಳ್ಳಬೇಕಿತ್ತು.”

ಅವನು ಡೈರಿ ಮುಚ್ಚಿ ಮೆಲ್ಲಗೆ ವಾಪಸ್ ಕೊಟ್ಟ.

“ಬುಧವಾರ ನಾ ರಜಾ ಇದ್ನಿರೀ. ಅವ್ವನ ಕಣ್ಣಿನ ಆಪರೇಶನ್.”

ಡೊಂಬಿವಲಿ ಬಂತು. ಜನ ನುಗ್ಗಿದರು. ಯಾರದೋ ಟಿಫಿನ್ ಬ್ಯಾಗು ಅವಳ ಮೊಣಕಾಲಿಗೆ ಒತ್ತಿತು. ಜ್ಯೋತ್ಸ್ನಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ದಿವಾ ಹೋಯಿತು, ಮುಂಬ್ರಾ ಹೋಯಿತು, ಕಳವಾ ಸ್ಟೇಷನ್ ಬಳಿಯ ರೈಲು ಶೆಡ್ಡೂ ಹೋಯಿತು. ಎರಡು ವಾರ ತಾನೇ ಕೈಯಾರೆ ಬರೆದದ್ದನ್ನು ಬೇರೊಬ್ಬರು ಓದಿ ಹೇಳಬೇಕಾಯಿತೇ? ಅಥವಾ ಅವನು ಹೇಳಿದ್ದೂ ತಪ್ಪೇ? ಈಗಲೂ ಎದೆ ಬಡಿದುಕೊಳ್ಳುತ್ತಿತ್ತು. ಇದಕ್ಕೆ ಔಷಧಿ ಬೇಕೋ ಬೇಡವೋ ಅವಳಿಗೆ ಅರ್ಥವಾಗಲಿಲ್ಲ.

ಥಾಣೆಯಲ್ಲಿ ಇಳಿದರು. ಅವಳು ಐರೋಲಿಯ ಗಾಡಿ ಹಿಡಿಯಬೇಕು, ಅವನು ಹೊರಗೆ ಹೋಗಬೇಕು. ಮೆಟ್ಟಿಲ ಬಳಿ ಇಬ್ಬರೂ ನಿಂತರು.

“ಅರ್ಜಿ ವಾಪಸ್ ತೆಗೆಯಲಿಕ್ಕೆ ಆಗುವುದಿಲ್ಲ. ಆರು ತಿಂಗಳು ಮನೆಯಿಂದಲೇ ಕೆಲಸ,” ಎಂದಳು.

“ಇರಲಿ ಬಿಡ್ರೀ. ನಿಮ್ಮ ಆರೋಗ್ಯ ಮುಖ್ಯ.” ಅವನು ನಗಲು ನೋಡಿದ, ಆಗಲಿಲ್ಲ.

“ನಾನು ಹೇಳಿ ಮುಗಿಸಲಿಲ್ಲ. ಸೋಮವಾರ ಡೊಂಬಿವಲಿಗೆ ಬಂದ್ರೆ ವಾಪಸ್ ಗಾಡಿ ಹತ್ತಬೇಡಿ. ಸ್ಟೇಷನ್ನಿನ ಪೂರ್ವದ ಕಡೆ ಇಳಿದು ಫೋನ್ ಮಾಡಿ. ನಮ್ಮ ಮನೆಗೆ ಆರು ನಿಮಿಷ ನಡಿಗೆ. ಚಹಾ ಕುಡಿದು ಹೋಗಿ.”

“ಮನ್ಯಾಗ ಯಾರಿರ್ತಾರ?”

“ಅಮ್ಮ.”

“ಅಮ್ಮಾರಿಗೆ ನಾ ಯಾರಂತ ಹೇಳ್ತೀರಿ?”

ಆಚೆಯ ಪ್ಲಾಟ್‌ಫಾರ್ಮಿನಲ್ಲಿ ಅವಳ ಗಾಡಿಯ ಅನೌನ್ಸ್‌ಮೆಂಟ್ ಮರಾಠಿಯಲ್ಲಿ ಮುಗಿದು ಹಿಂದಿಯಲ್ಲಿ ಶುರುವಾಯಿತು.

“ಗೊತ್ತಿಲ್ಲ,” ಎಂದಳು ಜ್ಯೋತ್ಸ್ನಾ. “ಇನ್ನೂ ಎರಡು ದಿನ ಉಂಟಲ್ಲ. ನೀವೂ ಸ್ವಲ್ಪ ಯೋಚಿಸಿ.”