ತಣ್ಣೀರಿನ ಚಕ್ರ

ಮಂಗಳವಾರ ಬೆಳಗ್ಗೆ ಏಳಕ್ಕೆ ಠಾಣೆಗೆ ದೂರು ಬಂತು. ಫಿಷ್ ನದಿಯ ಕಮರಿಯ ತಳದಲ್ಲಿರುವ ಬಿಸಿನೀರಿನ ಕೊಳದಲ್ಲಿ ಅಲ್ಲಿನ ಕಾವಲುಗಾರ ಸ್ಟೂರ್ಮನ್ ಮೈ ಬೆಂದು ಬಿದ್ದಿದ್ದ. ಊರಿಗೆಲ್ಲ ಅಜ್ಜನಂತಿದ್ದ ಆತನನ್ನು ಎಲ್ಲರೂ ಊಪಾ ಎಂದೇ ಕರೆಯುತ್ತಿದ್ದರು. ಇನ್‌ಸ್ಪೆಕ್ಟರ್ ಬೀವಾ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ರೊಸಾಲಿಯಾಳೊಂದಿಗೆ ಕಮರಿಗೆ ಇಳಿದರು.

ಪಂಚನಾಮೆಯಲ್ಲಿ ಕಂಡದ್ದಿಷ್ಟು. ಬುಗ್ಗೆಯ ಕುದಿನೀರಿಗೆ ಹೊಳೆಯ ತಣ್ಣೀರು ಬೆರೆಸುವ ಕೊಳವೆಯನ್ನು ತೆರೆದು ಮುಚ್ಚುವ ಚಕ್ರ ಪೂರ್ತಿ ಮುಚ್ಚಿತ್ತು. ತಿಂಗಳುಗಳಿಂದ ಅದರ ಮೇಲೆ ಕಟ್ಟಿದ್ದ ಉಪ್ಪಿನ ಬಿಳಿ ಹಕ್ಕಳೆ ಹೊಸದಾಗಿ ಒಡೆದಿತ್ತು. ಮರಳಿನಲ್ಲಿ ಗಾಲಿಕುರ್ಚಿಯ ಗುರುತು. ಕೊಳದತ್ತ ಹೋದದ್ದು ಆಳ, ಹಿಂದೆ ಬಂದದ್ದು ಹಗುರ. ಹಿಂದೆ ಬಂದ ಗುರುತಿನ ಪಕ್ಕದಲ್ಲೇ ಬರಿಗಾಲಿನ ಪುಟ್ಟ ಹೆಜ್ಜೆಗಳಿದ್ದವು.

"ಕುರ್ಚೀಲಿ ಹೋದೋಳು ವಾಪಸ್ ನಡ್ಕೊಂಡೇ ಬಂದಿದಾಳೆ ಸರ್," ಎಂದಳು ರೊಸಾಲಿಯಾ. "ಊರಲ್ಲಿರೋದು ಒಂದೇ ಗಾಲಿಕುರ್ಚಿ. ಕೀಡೋ ಅಜ್ಜೀದು."

ಆಸ್ಪತ್ರೆಯಲ್ಲಿ ಸ್ಟೂರ್ಮನ್‌ಗೆ ಇನ್ನೂ ಮಾತಿತ್ತು.

"ಚಕ್ರ ಯಾರು ಮುಚ್ಚಿದ್ದು ಊಪಾ?"

"ನಾನೇ. ಮರ್ತೋಯ್ತು."

"ಇಷ್ಟು ವರ್ಷ ಒಂದ್ಸಲಾನೂ ಮರೀದೋರು?"

"ವಯಸ್ಸಾಯ್ತಲ್ಲಪ್ಪ. ನಿಂಗೂ ಬರುತ್ತೆ, ತಡಿ."

ಮಧ್ಯಾಹ್ನದ ಹೊತ್ತಿಗೆ ಆತ ತೀರಿಕೊಂಡ. ಬೀವಾರಿಗೆ ಚಿಕ್ಕಂದಿನಲ್ಲಿ ಈಜು ಕಲಿಸಿದವನು ಆತನೇ. ಎಫ್‌ಐಆರ್‌ನಲ್ಲಿ 'ಗಾಯ' ಎಂದಿದ್ದುದನ್ನು ಅವರು 'ಸಾವು' ಎಂದು ತಿದ್ದಿದರು.

ಕೀಡೋ ಅಜ್ಜಿಯ ಮಗಳು ಮಗ್ದಲೇನಾ ಅಂಗಳದಲ್ಲಿ ಕೆಂಡದ ಮೇಲೆ ರೊಟ್ಟಿ ಸುಡುತ್ತಿದ್ದಳು.

"ನಿನ್ನೆ ಕೊಳಕ್ಕೆ ಹೋಗಿದ್ಯಾ?"

"ಹೂಂ. ನಿನ್ನೆ ರಜಾ ಅಲ್ವಾ, ಯಾರೂ ಬರಲ್ಲ ಅಂತ ಊಪಾ ಬೀಗದ ಕೈ ಕೊಟ್ರು."

"ಚಕ್ರ?"

"ನಾನೇ ಮುಚ್ಚಿದೆ. ತಣ್ಣೀರು ಬೆರೆಸಿದ್ರೆ ಬುಗ್ಗೆಗೆ ಶಕ್ತಿ ಇರಲ್ಲ ಅಂತ ಅಮ್ಮಂದು ಒಂದೇ ಹಠ. ಸಂಜೆ ತನಕ ಮೈ ತಡೆಯೋಷ್ಟೇ ಬಿಸಿ ಇತ್ತು. ಊಪಾ ಹೇಗಿದಾರೆ?"

ಬೀವಾ ಹೇಳಿದರು. ಅವಳು ರೊಟ್ಟಿಯನ್ನು ಕೆಂಡದಿಂದ ಎತ್ತಿ ಪಕ್ಕಕ್ಕಿಟ್ಟಳು.

"ಮತ್ತೆ ತೆರೆಯೋಕೆ ಮರ್ತ್ಯಾ?"

"ಮರ್ತೆ. ಆಮೇಲೆ ದಾರೀಲಿ ನೆನಪಾಯ್ತು."

ಆ ಎರಡನೇ ಮಾತು ಹೇಳದಿದ್ದರೆ ಅದು ಬರೀ ಮರೆವು ಎನಿಸಿಕೊಳ್ಳುತ್ತಿತ್ತು. ಹೇಳಿಬಿಟ್ಟಳು.

"ನೆನಪಾದ್ಮೇಲೂ ಯಾಕೆ ವಾಪಸ್ ಹೋಗ್ಲಿಲ್ಲ?"

"ನೋವಲ್ಲಿ ಅಮ್ಮ ವರ್ಷಗಟ್ಲೆ ನಿದ್ದೆ ಕಂಡಿಲ್ಲ ಸರ್. ಪಿಕಪ್‌ನಲ್ಲಿ ನನ್ನ ಹೆಗಲಿಗೆ ಒರಗಿ ನಿದ್ದೆ ಹೋಗ್ಬಿಟ್ಟಿದ್ಲು. ಆ ಕಲ್ಲುದಾರೀಲಿ ಗಾಡಿ ತಿರುಗಿಸಿದ್ರೆ ಎಚ್ಚರ ಆಗೋದು. ಬೆಳಗ್ಗೆ ಊಪಾ ನೋಡ್ಕೋತಾರೆ ಅಂದ್ಕೊಂಡೆ."

ಅವಳು ನೋಡಿಕೊಂಡಿರುತ್ತಾಳೆ ಎಂದು ಊಪಾ ಅಂದುಕೊಂಡಿದ್ದ. ಚಳಿಗಾಲದ ಮುಂಜಾವಿನಲ್ಲಿ ಕೊಳದ ಮೇಲೆ ಆವಿ ದಿನವೂ ಇರುವುದೇ; ರಾತ್ರಿಯಿಡೀ ಕುದಿನೀರೇ ತುಂಬಿದ ಕೊಳಕ್ಕೆ ಮುಟ್ಟಿ ನೋಡದೆ ಇಳಿದಿದ್ದ.

ಮೂರು ಗಂಟೆಗೆ ಮಗ್ದಲೇನಾಳನ್ನು ದಸ್ತಗಿರಿ ಮಾಡಲಾಯಿತು. ಜೀಪಿನ ಸದ್ದಿಗೆ ಕೀಡೋ ಅಜ್ಜಿ ಗೋಡೆ ಹಿಡಿದುಕೊಂಡು, ತನ್ನ ಕಾಲ ಮೇಲೇ ಬಾಗಿಲಿಗೆ ಬಂದು ಬೀವಾರತ್ತ ನೋಡಿದಳು.

"ಕಮರಿ ಕಡೆ ಹೊರಟ್ಯಾ ಮಗಾ? ಊಪಾಗೆ ಎರಡು ರೊಟ್ಟಿ ತಗೊಂಡ್ಹೋಗು. ನಾನು ನಡೀತಿದೀನಿ ಅಂತ ಹೇಳು."

ರೊಸಾಲಿಯಾ ಎರಡು ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡಳು.