ನವಮಿಯ ವಾರ

ಇದು ೨೦೦೪ರಲ್ಲಿ, ದುಬೈನ ಕರಾಮಾದ ಒಂದು ಫ್ಲ್ಯಾಟಿನಲ್ಲಿ ನಡೆದದ್ದು. ಶಾಮಸುಂದರನ ಎರಡನೆಯ ಹೆಂಡತಿ ಪದ್ಮಜ ಅಕ್ಟೋಬರಿನಲ್ಲಿ ಒಂದು ವಾರ ಇಟಲಿಗೆ ಹೋಗಬೇಕೆಂದು ಫ್ಲಾರೆನ್ಸಿನಲ್ಲಿ ಬಾಡಿಗೆ ಮನೆ ನೋಡುತ್ತಿದ್ದಳು. ಬೇಕೆಂದೇ ಅವಿಧವಾ ನವಮಿ ಬರುವ ವಾರವನ್ನು ಆರಿಸಿದ್ದಳು. ಮುತ್ತೈದೆಯಾಗಿ ತೀರಿಕೊಂಡ ಮೊದಲ ಹೆಂಡತಿ ವಾರಿಜಳ ಹೆಸರಿನಲ್ಲಿ ಆ ದಿನ ಶಾಮಸುಂದರ ಒಬ್ಬ ಮುತ್ತೈದೆಗೆ ಊಟವಿಕ್ಕಿ, ಸೀರೆ, ಹಸಿರು ಬಳೆ ಕೊಡುತ್ತಿದ್ದ.

“ನವಮಿ ಮುಗಿಸಿಕೊಂಡು ಹೋಗೋಣ ಕಣೇ.”

“ಸತ್ತೋಳಿಗೆ ವರ್ಷವರ್ಷ ಸೀರೆ. ಬದುಕಿರೋಳಿಗೆ ಒಂದು ವಾರ ಇಲ್ವಾ?”

“ಆಯ್ತು, ಖಲಾಸ್,” ಎಂದು ಅವನು ಜೆಬೆಲ್ ಅಲಿಯ ಕಂಪನಿ ಬಸ್ಸು ಹತ್ತಿದ.

ಮಧ್ಯಾಹ್ನ ಪದ್ಮಜ ಫ್ಲಾರೆನ್ಸಿನ ಮನೆಯೊಡತಿಗೆ ಫೋನ್ ಮಾಡಿದಳು. ಏಸಿ ಆರಿಸಿದ್ದರೂ ರಿಸೀವರ್ ಐಸಿನಂತೆ ಕೊರೆಯುತ್ತಿತ್ತು. ಮನೆಯಲ್ಲಿ ಹೂವಿರಲಿಲ್ಲ, ಬಾಡಿದ ಮಲ್ಲಿಗೆಯ ವಾಸನೆ ಬರುತ್ತಿತ್ತು.

“ಇಬ್ಬರಿಗೆ ಹಾಸಿಗೆ ಸಾಕು,” ಎಂದಳು ಇಂಗ್ಲಿಷಿನಲ್ಲಿ.

“ನಿಮ್ಮ ಜೊತೆಗಿರುವವರು ಮೂರು ಅನ್ನುತ್ತಿದ್ದಾರಲ್ಲ.”

“ಇಲ್ಲಿ ಯಾರೂ ಇಲ್ಲ.”

“ನೀವು ಮಾತಾಡಿದಾಗಲೆಲ್ಲ ಅವರ ಗಾಜಿನ ಬಳೆ ಕೇಳಿಸುತ್ತಿದೆ.”

ಪದ್ಮಜ ತನ್ನ ಕೈ ನೋಡಿಕೊಂಡಳು. ವಾಚು ಬಿಟ್ಟರೆ ಬೇರೇನೂ ಇರಲಿಲ್ಲ. “ನನಗೆ ಆ ಮನೆ ಬೇಡ,” ಎಂದಳು.

“ಸರಿ, ಹಾಗಾದರೆ ಅವರಿಗೇ ಇಡುತ್ತೇನೆ.”

ಗಂಡಹೆಂಡಿರು ಇಟಲಿಗೆ ಹೋಗಲಿಲ್ಲ. ನವಮಿಯ ದಿನ ಪಕ್ಕದ ಫ್ಲ್ಯಾಟಿನ ಸುಗುಣಾಬಾಯಿಯನ್ನು ಕರೆದು ಪದ್ಮಜಳೇ ಬಡಿಸಿದಳು, ತಾನೇ ಹಸಿರು ಬಳೆ ತೊಡಿಸಿದಳು. ಎಲೆ ಎತ್ತುವ ಹೊತ್ತಿಗೆ ಫೋನ್ ಬಂತು. ಫ್ಲಾರೆನ್ಸಿನ ಮನೆಯೊಡತಿ.

“ಅವರು ಬೆಳಿಗ್ಗೆಯೇ ಬಂದು ಬೀಗದ ಕೈ ತೆಗೆದುಕೊಂಡರು,” ಎಂದಳು. “ತಮ್ಮ ಗಂಡ ಯಾವಾಗ ಬರುತ್ತಾರೆಂದು ಕೇಳುತ್ತಿದ್ದಾರೆ.”