ಪಾರವ್ವನ ಊಟ

ಇದನ್ನು ಊಟದ ಹೊತ್ತಿನಲ್ಲಿ ನಾನು ಯಾರಿಗೂ ಹೇಳುವುದಿಲ್ಲ. ಎರಡು ಸಾವಿರದ ಏಳರಲ್ಲಿ ನಾನು ಜಯನಗರದ ಒಂದು ಸಣ್ಣ ಕಂಪನಿಯಲ್ಲಿದ್ದೆ. ವೆಬ್‌ಸೈಟಿನಲ್ಲಿ ಆರ್ಡರ್ ಮಾಡಿದವರ ಮನೆಗೆ ಮಧ್ಯಾಹ್ನದ ಊಟ ಕಳಿಸುತ್ತಿದ್ದೆವು. ವೆಬ್‌ಸೈಟು ಕೆಟ್ಟರೆ ತಕ್ಷಣ ಗೊತ್ತಾಗಲೆಂದು ನಾನೊಂದು ಪ್ರೋಗ್ರಾಂ ಬರೆದಿದ್ದೆ. ಅದು ಪಾರವ್ವ ಎಂಬ ಸುಳ್ಳು ಗಿರಾಕಿಯ ಹೆಸರಿನಲ್ಲಿ ಆಗಾಗ ಊಟ ಆರ್ಡರ್ ಮಾಡಿ, ಅಡುಗೆಮನೆಗೆ ಸುದ್ದಿ ಹೋಗುವ ಮೊದಲೇ ರದ್ದು ಮಾಡುತ್ತಿತ್ತು. ವಿಳಾಸಕ್ಕೆ ಬಿಟಿಎಂ ಲೇಔಟಿನ ಒಂದು ಖಾಲಿ ನಿವೇಶನದ ನಂಬರ್ ಕೊಟ್ಟಿದ್ದೆ.

ಒಂದು ದಿನ ಫೋನ್ ನೋಡಿಕೊಳ್ಳುವ ಮಧುಮತಿ ಬಂದು, "ಸಾರ್, ಬಿಟಿಎಂನಿಂದ ಪಾರವ್ವ ಅನ್ನೋರು ಬೈತಾ ಇದ್ದಾರೆ. ಅನ್ನ ಹಳಸಿತ್ತಂತೆ, ಬಂದು ಡಬ್ಬಿ ತಗೊಂಡು ಹೋಗ್ಬೇಕಂತೆ" ಎಂದಳು.

ಯಾರದೋ ಕುಚೇಷ್ಟೆ ಎಂದುಕೊಂಡು ಸ್ಕೂಟರಿನಲ್ಲಿ ಹೋದೆ. ಪಾರ್ಥೇನಿಯಂ ಗಿಡಗಳ ನಡುವೆ ನಮ್ಮದೇ ಸ್ಟೀಲ್ ಡಬ್ಬಿ ಇತ್ತು. ಅದರ ಹಿಡಿ ಎಂಜಲಿನಿಂದ ಅಂಟಂಟಾಗಿತ್ತು. ಮುಚ್ಚಳ ತೆಗೆದರೆ ಯಾರೋ ನುಣ್ಣಗೆ ಅಗಿದು ಉಗಿದ ಅನ್ನ, ಜೊಲ್ಲಿನಲ್ಲಿ ಸುತ್ತಿಕೊಂಡ ಬಿಳಿ ಕೂದಲು. ಡಬ್ಬಿಯ ತಳ ಇನ್ನೂ ಬೆಚ್ಚಗಿತ್ತು. ಅದನ್ನು ಅಲ್ಲೇ ಎಸೆದು ಸ್ಕೂಟರ್ ಹತ್ತಿದೆ.

ಅಡುಗೆಮನೆಯವರು ಆ ವಿಳಾಸಕ್ಕೆ ಏನೂ ಕಳಿಸಿರಲಿಲ್ಲ. ಎಷ್ಟು ಸೋಪು ಹಾಕಿ ತೊಳೆದರೂ ಬೆರಳಿನ ಹುಳಿ ವಾಸನೆ ಹೋಗಲಿಲ್ಲ. ಆ ಸಂಜೆಯೇ ಪ್ರೋಗ್ರಾಮನ್ನೂ ಪಾರವ್ವನ ಖಾತೆಯನ್ನೂ ಅಳಿಸಿಬಿಟ್ಟೆ.

ಮರುದಿನ ಮಧ್ಯಾಹ್ನ ಮಧುಮತಿ ರಿಸೀವರ್‌ಗೆ ಕೈ ಅಡ್ಡ ಹಿಡಿದು ನನ್ನನ್ನು ಕರೆದಳು. "ಅವರೇ ಸಾರ್. ಇವತ್ತು ಊಟ ಯಾಕೆ ಬಂದಿಲ್ಲ ಅಂತ ಕೇಳ್ತಿದ್ದಾರೆ."

ರಿಸೀವರ್ ಕಿವಿಗಿಟ್ಟುಕೊಂಡೆ. ಆ ಕಡೆ ಯಾರೋ ಬಾಯಿ ತುಂಬ ಏನನ್ನೋ ಚಪ್ಪರಿಸಿಕೊಂಡು ಅಗಿಯುತ್ತಿದ್ದರು.